ಕಗ್ಗ, ಕ್ರಿಸ್ಪರ್, ಪೆರೋವ್‌ಸ್ಕೈಟ್: ನಮ್ಮ ಕರಾವಳಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕುಮಟಾ ಕಡೆ ಇಪ್ಪತ್ತೆಂಟು ವರ್ಷ ಭೌತಶಾಸ್ತ್ರ ಕಲಿಸಿದವ. ನಿವೃತ್ತಿಯಾದ ಮೇಲೆ ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿ ಶಿರಸಿ, ಸಿದ್ದಾಪುರದವರೆಗೆ ವಿಜ್ಞಾನದ ಮಾತಾಡುತ್ತ ತಿರುಗುತ್ತೇನೆ. ಭಾಷಣ ಮುಗಿಯುವವರೆಗೆ ಯಾರೂ ಬಾಯಿ ಬಿಡುವುದಿಲ್ಲ. ಚಾ ಕುಡಿಯುವಾಗ ಶುರುವಾಗುತ್ತದೆ ನೋಡಿ ಪ್ರಶ್ನೆ! ಕೆಲವರು ಕಾಗದ ಬರೆಯುತ್ತಾರೆ, ಹುಡುಗರು ವಾಟ್ಸಾಪಿನಲ್ಲಿ ಕೇಳುತ್ತಾರೆ. ಒಂದೇ ಪ್ರಶ್ನೆಗೆ ಹತ್ತು ಸಲ ಉತ್ತರ ಹೇಳಿದ್ದಾಗಿದೆ. ಅದಕ್ಕೇ ಇಲ್ಲಿ ಒಟ್ಟು ಹಾಕಿದ್ದೇನೆ. ತಲೆಬರಹದ ಕಗ್ಗ ಎಂದರೆ ನಮ್ಮ ಗಜನಿಯ, ಅಂದರೆ ಹೊಳೆಯ ಉಪ್ಪುನೀರು ಬರುವ ತಗ್ಗು ಗದ್ದೆಯ, ಭತ್ತ. ಕ್ರಿಸ್ಪರ್ ಜೀನ್ ತಿದ್ದುವ ಹತಾರ, ಪೆರೋವ್‌ಸ್ಕೈಟ್ ಸೋಲಾರಿಗೆ ಬಳಸುವ ಹರಳು. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಕೊನೆಗೆ.

## ಶುರುವಿನ ಪ್ರಶ್ನೆಗಳು

ಮಾಸ್ತರೇ, ಕಂಪ್ಯೂಟರು, ಭತ್ತ, ಸೋಲಾರು ಮೂರನ್ನೂ ಒಂದೇ ಚೀಲಕ್ಕೆ ಯಾಕೆ ತುಂಬ್ತೀರಿ?

ಯಾಕೆಂದರೆ ಮೂರೂ ಕಡೆ ಈಗ ನಡೆಯುತ್ತಿರುವುದು ಹುಡುಕಾಟ. ಭತ್ತದ ಡಿಎನ್‌ಎಯಲ್ಲಿ ಸುಮಾರು 39 ಕೋಟಿ ಅಕ್ಷರಗಳಿವೆ. ಅದರಲ್ಲಿ ಉಪ್ಪು ತಡೆಯುವ ಸಾಲು ಯಾವುದು? ಬಿಸಿಲನ್ನು ಕರೆಂಟು ಮಾಡುವ ಹರಳನ್ನು ಲಕ್ಷಾಂತರ ರೀತಿಯಲ್ಲಿ ಕಟ್ಟಬಹುದು. ಅದರಲ್ಲಿ ಬಾಳಿಕೆ ಬರುವುದು ಯಾವುದು? ಒಂದೊಂದನ್ನೇ ಮಾಡಿ ನೋಡುತ್ತ ಕೂತರೆ ಆಯುಷ್ಯ ಸಾಲದು. ಅಲ್ಲಿ ಕಂಪ್ಯೂಟರು ಜರಡಿ ಹಿಡಿಯುತ್ತದೆ. "ಈ ನೂರನ್ನು ಮೊದಲು ನೋಡಿ, ಉಳಿದದ್ದು ಆಮೇಲೆ" ಎನ್ನುತ್ತದೆ. ಆಮೇಲಿನ ಕೆಲಸ ಗದ್ದೆಯದ್ದು, ಮನೆಯ ಮಾಡಿನದ್ದು, ಅಂದರೆ ಛಾವಣಿಯದ್ದು.

ನಮಗೆ ಇದರಲ್ಲಿ ಜಾಸ್ತಿ ಆಸಕ್ತಿ ಇರಬೇಕಾದದ್ದು ಬೇರೆ ಕಾರಣಕ್ಕೆ. ಉಪ್ಪು, ಮಳೆ, ತೇವ ಮೂರೂ ನಮ್ಮಲ್ಲಿ ಧಾರಾಳ. ಲ್ಯಾಬಿನಲ್ಲಿ ಪಾಸಾದದ್ದನ್ನು ಫೇಲು ಮಾಡಲು ಈ ಮೂರೇ ಸಾಕು. ಹಾಗಾಗಿ ಯಾವ ಅಂಕಿ ಕಂಡರೂ ನಾನು ಮೊದಲು ಕೇಳುವುದು ಇಷ್ಟೇ: ಇದು ಲ್ಯಾಬಿನದೋ, ಅಘನಾಶಿನಿ ಹೊಳೆಯ ದಡದ್ದೋ?

"ವಿಶ್ವದಾಖಲೆ" ಅಂತ ಪೇಪರಲ್ಲಿ ಬಂತು. ನಮ್ಮ ಅಂಗಡಿಗೆ ಯಾವಾಗ ಬರ್ತದೆ?

ಸುದ್ದಿ ಓದುವಾಗ ಎರಡು ವಿಷಯ ಹುಡುಕಿ. ಎಷ್ಟು ದೊಡ್ಡದರ ಮೇಲೆ ಅಳೆದರು? ಎಷ್ಟು ದಿನ ನಡೆಸಿ ನೋಡಿದರು? 2025ರ ಏಪ್ರಿಲ್‌ನಲ್ಲಿ ಚೀನಾದ ಲೋಂಗಿ ಕಂಪನಿ ಶೇ. 34.85ರಷ್ಟು ಬಿಸಿಲನ್ನು ಕರೆಂಟು ಮಾಡುವ ಸೋಲಾರ್ ಕೋಶವನ್ನು ತೋರಿಸಿತು. ನಿಜವಾದ ದಾಖಲೆಯೇ. ಆದರೆ ಅಂಥ ಕೋಶ ಹೆಬ್ಬೆರಳಿನ ಉಗುರಿನಷ್ಟು ಇರುತ್ತದೆ. ಅಂಗಡಿಯಲ್ಲಿ ಸಿಗುವ ಒಳ್ಳೆಯ ಪ್ಯಾನಲ್ಲಿನ ಲೆಕ್ಕ ಶೇ. 21ರಿಂದ 23. ನಡುವಿನ ದಾರಿ ಸವೆಸಲು ಹತ್ತು ಹದಿನೈದು ವರ್ಷ ಹಿಡಿದರೆ ಆಶ್ಚರ್ಯವಿಲ್ಲ.

## ಬೀಜ, ಗದ್ದೆ, ತೋಟ

ಜೀನ್ ಎಡಿಟಿಂಗ್ ಅಂದ್ರೂ ಬಿಟಿ ಹತ್ತಿ ಅಂದ್ರೂ ಒಂದೇ ಅಲ್ವಾ? ಹೆಸರು ಬದಲಾಯಿಸಿ ತರ್ತಾರೆ ಅಷ್ಟೇ.

ಅಲ್ಲ. ಅನುಮಾನ ಪಡುವುದು ತಪ್ಪಲ್ಲ, ಆದರೆ ಯಾವುದು ಯಾವುದೆಂದು ತಿಳಿದು ಅನುಮಾನ ಪಡೋಣ. 2002ರಲ್ಲಿ ನಮ್ಮ ದೇಶಕ್ಕೆ ಬಂದ ಬಿಟಿ ಹತ್ತಿಯಲ್ಲಿ ಮಣ್ಣಿನ ಒಂದು ಬ್ಯಾಕ್ಟೀರಿಯಾದ ಜೀನ್ ಇದೆ. ಅಂದರೆ ಹೊರಗಿನ ಜೀನ್ ಸೇರಿಸಿದ್ದು. ಎಡಿಟಿಂಗ್‌ನಲ್ಲಿ ಗಿಡದ ಸ್ವಂತ ಡಿಎನ್‌ಎಯಲ್ಲೇ ಒಂದು ಜಾಗ ಹುಡುಕಿ ಕತ್ತರಿಸುತ್ತಾರೆ. ಗಿಡ ತಾನೇ ಹೊಲಿದುಕೊಳ್ಳುತ್ತದೆ. ಹೊಲಿಗೆಯಲ್ಲಿ ಒಂದೆರಡು ಅಕ್ಷರ ತಪ್ಪುತ್ತದೆ, ಆ ಜೀನ್ ಸುಮ್ಮನಾಗುತ್ತದೆ. ಕತ್ತರಿಸುವ ಈ ಹತಾರಕ್ಕೆ ಕ್ರಿಸ್ಪರ್ ಎಂದು ಹೆಸರು. 2012ರಲ್ಲಿ ಇದನ್ನು ರೂಪಿಸಿದ ಎಮಾನ್ಯುಯೆಲ್ ಶಾರ್ಪೆಂಟಿಯೆ ಮತ್ತು ಜೆನಿಫರ್ ಡೌಡ್ನಾ ಅವರಿಗೆ 2020ರಲ್ಲಿ ನೊಬೆಲ್ ಬಂತು.

ಇಲ್ಲೊಂದು ಸೂಕ್ಷ್ಮವಿದೆ. ಕತ್ತರಿಯನ್ನು ಗಿಡದೊಳಗೆ ಕಳಿಸುವಾಗ ಸಾಮಾನ್ಯವಾಗಿ ಹೊರಗಿನ ಡಿಎನ್‌ಎ ಬಳಸುತ್ತಾರೆ. ಮುಂದಿನ ತಲೆಮಾರಿನ ಸಸಿಗಳಲ್ಲಿ ಕತ್ತರಿ ಇಲ್ಲದ, ತಿದ್ದುಪಡಿ ಮಾತ್ರ ಉಳಿದ ಸಸಿಗಳನ್ನು ಆರಿಸಿಕೊಳ್ಳುತ್ತಾರೆ. ಹೀಗೆ ಹೊರಗಿನದೇನೂ ಉಳಿಯದ ಗಿಡಗಳಿಗೆ 2022ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಕುಲಾಂತರಿಗಳ ಕಟ್ಟುನಿಟ್ಟಿನ ನಿಯಮಗಳಿಂದ ವಿನಾಯಿತಿ ಕೊಟ್ಟಿತು. ಕೊಟ್ಟದ್ದು ಸರಿಯೋ ತಪ್ಪೋ ಎಂಬ ಜಗಳ ಇನ್ನೂ ನಡೆದಿದೆ.

2025ರಲ್ಲಿ ಬಂದ ಆ ಎರಡು ಎಡಿಟೆಡ್ ಭತ್ತ ಯಾವುವು? ನಮ್ಮ ಗಜನಿಯಲ್ಲಿ ಬೆಳೀತದಾ?

ಅವು 'ಕಮಲಾ' ಮತ್ತು 'ಪೂಸಾ ಡಿಎಸ್‌ಟಿ ರೈಸ್ 1'. 2025ರ ಮೇ ತಿಂಗಳಲ್ಲಿ ಕೃಷಿ ಸಚಿವರು ಪ್ರಕಟಿಸಿದರು. ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆಯವರು ನಮಗೆಲ್ಲ ಗೊತ್ತಿರುವ ಸಾಂಬಾ ಮಸೂರಿಯನ್ನು ತಿದ್ದಿ ಕಮಲಾ ಮಾಡಿದರು. ತೆನೆಯಲ್ಲಿ ಕಾಳಿನ ಸಂಖ್ಯೆಗೆ ಕಡಿವಾಣ ಹಾಕುವ ಒಂದು ಜೀನನ್ನು ಸುಮ್ಮನಾಗಿಸಿದ್ದಾರೆ. ಸುಮಾರು ಇಪ್ಪತ್ತು ದಿನ ಬೇಗ ಕೊಯ್ಲು, ಶೇ. 19ರಷ್ಟು ಜಾಸ್ತಿ ಇಳುವರಿ ಎಂದು ಸಂಸ್ಥೆಯ ಹೇಳಿಕೆ. ಪೂಸಾ ತಳಿ ದೆಹಲಿಯದು. ಎಂಟಿಯು 1010 ಎಂಬ ತಳಿಯಲ್ಲಿ ಡಿಎಸ್‌ಟಿ ಎಂಬ ಜೀನನ್ನು ತಿದ್ದಿದ್ದು. ಆ ಜೀನ್ ಕೆಲಸ ನಿಲ್ಲಿಸಿದರೆ ಎಲೆಯ ಮೇಲಿನ ಉಸಿರಾಟದ ತೂತುಗಳು ಕಡಿಮೆಯಾಗುತ್ತವೆ, ಗಿಡ ನೀರು ಕಳೆದುಕೊಳ್ಳುವುದೂ ಕಡಿಮೆ. ಬರ, ಉಪ್ಪು ಎರಡನ್ನೂ ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಕರಾವಳಿಯ ಉಪ್ಪು ಮಣ್ಣಿನಲ್ಲಿ ಮೂಲ ತಳಿಗಿಂತ ಶೇ. 30ರಷ್ಟು ಜಾಸ್ತಿ ಬಂತು ಎಂದು ಪ್ರಕಟಿಸಿದ್ದಾರೆ. ಪ್ರಯೋಗದ ಅಂಕಿಗಳನ್ನೇ ಪ್ರಶ್ನಿಸಿದ ಗುಂಪುಗಳೂ ಇವೆ.

ಈಗ ಗಜನಿಯ ಮಾತು. "ಮೂಲ ತಳಿಗಿಂತ" ಎಂಬ ಶಬ್ದವನ್ನು ಗಮನಿಸಿ. ಎಂಟಿಯು 1010 ಉಪ್ಪಿನಲ್ಲಿ ಸೊರಗುವ ತಳಿ. ಅದಕ್ಕಿಂತ ಚೆನ್ನಾಗಿದೆ ಎಂದರೆ ಕಗ್ಗಕ್ಕಿಂತ ಚೆನ್ನಾಗಿದೆ ಎಂದಾಗಲಿಲ್ಲ. ಕುಮಟಾ ತಾಲೂಕಿನ ಮಾಣಿಕಟ್ಟಾದಲ್ಲಿ ಒಮ್ಮೆ ಕಗ್ಗದ ಕೊಯ್ಲಿಗೆ ಹೋಗಿದ್ದೆ. ಮೊಣಕಾಲುದ್ದ ನೀರು. ಹೆಂಗಸರು ಸಾಲಾಗಿ ನಿಂತು ತೆನೆಯನ್ನಷ್ಟೇ ಕೊಯ್ಯುತ್ತಿದ್ದರು, ಹುಲ್ಲು ಅಲ್ಲೇ ನಿಂತಿತ್ತು. ನಾಟಿ ಇಲ್ಲ, ಗೊಬ್ಬರ ಇಲ್ಲ, ಔಷಧಿ ಇಲ್ಲ. ಮೊಳಕೆ ಬರಿಸಿದ ಬೀಜ ಎರಚಿದರೆ ಆಯಿತು. ಕೊಯ್ಲಾದ ಮೇಲೆ ಒಡ್ಡಿನ ಗೇಟು ತೆಗೆದು ಹೊಳೆಯ ಉಪ್ಪುನೀರು ಒಳಗೆ ಬಿಟ್ಟರೆ ಅದೇ ಗದ್ದೆ ಸಿಗಡಿಯ ಕೆರೆ. ಉಳಿದ ಹುಲ್ಲು ಕೊಳೆತು ಸಿಗಡಿಗೆ, ಮೀನಿಗೆ ಆಹಾರ. ಅಲ್ಲಿ ಕುಳ್ಳಗಿನ ತಳಿ ಹಾಕಿದರೆ ಮೊದಲ ನೆರೆಗೇ ಮುಳುಗುತ್ತದೆ. ಪೂಸಾ ತಳಿಯನ್ನು ಗಜನಿಯ ಅಂಚಿನ, ನೀರು ನಿಲ್ಲದ ಗದ್ದೆಯಲ್ಲಿ ಒಂದು ಮೂಲೆಗೆ ಹಾಕಿ ನೋಡಬಹುದು. ನಡು ಗಜನಿಯಲ್ಲಿ ಕಗ್ಗವನ್ನು ಬಿಡಬೇಡಿ ಎಂಬುದು ನನ್ನ ಸಲಹೆ.

ಕಗ್ಗ ಉಪ್ಪುನೀರಲ್ಲಿ ಸಾಯೋದಿಲ್ಲ ಯಾಕೆ?

ಕಗ್ಗದ ಗುಟ್ಟನ್ನು ಅದರ ಬಂಧುಗಳ ಮೂಲಕ ಹೇಳುತ್ತೇನೆ. ಕೇರಳದ ಪೊಕ್ಕಾಳಿಯೂ ನಮ್ಮ ಕಗ್ಗದ ಹಾಗೇ ಹಿನ್ನೀರಿನ ಭತ್ತ. ಅದರ ಒಂದನೇ ಕ್ರೋಮೋಸೋಮಿನಲ್ಲಿ 'ಸಾಲ್ಟಾಲ್' ಎಂದು ಕರೆಯುವ ಒಂದು ತುಂಡಿದೆ. 2005ರಲ್ಲಿ ಬಂಗಾಳದ ನೋನಾ ಬೊಕ್ರಾ ಎಂಬ ತಳಿಯಲ್ಲಿ ಅದೇ ಜಾಗದ ಒಂದು ಜೀನಿನ ಕೆಲಸ ಗೊತ್ತಾಯಿತು. ಬೇರಿನಿಂದ ಮೇಲೆ ಹೋಗುವ ನೀರಿನಿಂದ ಸೋಡಿಯಮ್ಮನ್ನು ಅದು ದಾರಿಯಲ್ಲೇ ಹಿಡಿದು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಎಲೆ ಮುಟ್ಟುವ ಉಪ್ಪು ಕಡಿಮೆಯಾಗುತ್ತದೆ. ಚೆಕ್‌ಪೋಸ್ಟಿನಲ್ಲಿ ಲಾರಿ ತಡೆದ ಹಾಗೆ.

ಮುಳುಗಿಯೂ ಬದುಕುವುದು ಇನ್ನೊಂದು ವಿದ್ಯೆ. ಒಡಿಶಾದ ಎಫ್‌ಆರ್ 13ಎ ಎಂಬ ತಳಿಯಿಂದ 'ಸಬ್1ಎ' ಜೀನನ್ನು 2006ರಲ್ಲಿ ಗುರುತಿಸಿದರು. ನೀರು ಮೇಲೇರಿದಾಗ ಸಾಮಾನ್ಯ ಭತ್ತ ಗಾಬರಿಯಲ್ಲಿ ಉದ್ದ ಬೆಳೆದು ಶಕ್ತಿಯೆಲ್ಲ ಖಾಲಿ ಮಾಡಿಕೊಳ್ಳುತ್ತದೆ. ಈ ಜೀನ್ ಇದ್ದ ಗಿಡ ಉಸಿರು ಹಿಡಿದು ತೆಪ್ಪಗೆ ಕೂರುತ್ತದೆ. ಎರಡು ವಾರ ಮುಳುಗಿದ್ದರೂ ನೀರು ಇಳಿದ ಮೇಲೆ ಮತ್ತೆ ಚಿಗುರುತ್ತದೆ. 2009ರಲ್ಲಿ ಸ್ವರ್ಣಾ-ಸಬ್1 ಎಂಬ ಹೆಸರಲ್ಲಿ ರೈತರಿಗೆ ಬಂತು. ಅದಕ್ಕೆ ಕ್ರಿಸ್ಪರ್ ಬೇಕಾಗಲಿಲ್ಲ. ಹಳೆಯ ಕ್ರಮದಲ್ಲೇ ತಳಿಗೆ ತಳಿ ಕೂಡಿಸಿ, ಡಿಎನ್‌ಎ ಗುರುತು ಇಟ್ಟುಕೊಂಡು ಸಸಿ ಆರಿಸಿ ಮಾಡಿದ್ದು.

ಎಲೆಚುಕ್ಕೆ ರೋಗಕ್ಕೆ ತೋಟ ಹೋಗ್ತಾ ಇದೆ. ಅಡಕೆಯ ಜೀನ್ ತಿದ್ದಿ ಒಂದು ಪರಿಹಾರ ಕೊಡೋಕಾಗೋದಿಲ್ವಾ?

ಶಿರಸಿ, ಸಿದ್ದಾಪುರ, ಯಲ್ಲಾಪುರ ಎಲ್ಲಿ ಹೋದರೂ ಇದೇ ಪ್ರಶ್ನೆ. ಸದ್ಯಕ್ಕೆ ಆಗುವುದಿಲ್ಲ. ಬೇಜಾರಾದರೂ ಕಾರಣ ಕೇಳಿ.

ಮೊದಲನೆಯದು ಗಾತ್ರ. ಅಡಕೆಯ ಡಿಎನ್‌ಎಯನ್ನು ಈಚಿನ ವರ್ಷಗಳಲ್ಲಿ ಪೂರ್ತಿ ಓದಿದ್ದಾರೆ. ಸುಮಾರು 250 ಕೋಟಿ ಅಕ್ಷರ, ಅಂದರೆ ಭತ್ತದ ಆರು ಪಟ್ಟು. ಓದಿದ್ದಾಯಿತು, ಯಾವ ಸಾಲು ಏನು ಮಾಡುತ್ತದೆ ಎಂಬುದು ಬಹುಪಾಲು ಇನ್ನೂ ಗೊತ್ತಾಗಬೇಕು. ಎರಡನೆಯದು ಸಮಯ. ಭತ್ತದಲ್ಲಿ ವರ್ಷಕ್ಕೆ ಎರಡು ಮೂರು ತಲೆಮಾರು ನೋಡಬಹುದು. ಅಡಕೆ ಸಸಿ ಫಲಕ್ಕೆ ಬರಲು ಐದಾರು ವರ್ಷ. ನಾಲ್ಕು ತಲೆಮಾರು ನೋಡುವಷ್ಟರಲ್ಲಿ ವಿಜ್ಞಾನಿಯೇ ಪೆನ್ಶನ್ ತಗೊಳ್ಳುತ್ತಾನೆ. ಮೂರನೆಯದೇ ದೊಡ್ಡ ತೊಡಕು. ಎಡಿಟ್ ಮಾಡುವುದು ಲ್ಯಾಬಿನ ತಟ್ಟೆಯಲ್ಲಿರುವ ಜೀವಕೋಶವನ್ನು. ಆ ಕೋಶದಿಂದ ಇಡೀ ಗಿಡ ಎಬ್ಬಿಸಬೇಕು. ಬಾಳೆಯಲ್ಲಿ ಅಂಗಾಂಶ ಕೃಷಿ ಸಲೀಸು, ತಾಳೆ ಜಾತಿಯ ಮರಗಳು ಮಹಾ ಹಟಮಾರಿ. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ಎಳೆಯ ಹೂಗೊಂಚಲಿನಿಂದ ಅಡಕೆ ಸಸಿ ಎಬ್ಬಿಸುವ ವಿಧಾನ ಕಂಡುಕೊಂಡಿದೆ. ಅದು ದೊಡ್ಡ ಹೆಜ್ಜೆಯೇ ಸರಿ.

ಅಲ್ಲಿಯವರೆಗೆ? ಎಲೆಚುಕ್ಕೆ ತರುವುದು ಕೊಲೆಟೋಟ್ರೈಕಮ್ ಗುಂಪಿನ ಶಿಲೀಂಧ್ರಗಳು. ಕೊಳೆ ರೋಗದ ಫೈಟಾಫ್ಥರಾ ಬೇರೆಯೇ ಜಾತಿ. ಎರಡಕ್ಕೂ ಒಂದೇ ಮದ್ದು, ಒಂದೇ ಹೊತ್ತು ಎಂದುಕೊಂಡವರು ಕೈ ಸುಟ್ಟುಕೊಂಡಿದ್ದಾರೆ. ರೋಗ ಬಂದ ತೋಟದ ನಡುವೆಯೂ ಹಸಿರಾಗಿ ನಿಂತ ಮರ ಕಂಡರೆ ಗುರುತು ಹಾಕಿಡಿ. ಎರಡು ಮೂರು ಮಳೆಗಾಲ ಹಾಗೇ ನಿಂತರೆ ಸಂಶೋಧಕರಿಗೆ ತಿಳಿಸಿ. ಶಿರಸಿಯ ಎಸ್‌ಎಎಸ್-1 ತಳಿ ಬಂದದ್ದೂ ಒಳ್ಳೆಯ ಮರಗಳನ್ನು ಆರಿಸಿಯೇ.

ಎಡಿಟ್ ಮಾಡಿದ ಬೀಜ ಕಂಪನಿಯ ಆಸ್ತಿ ಆಗ್ತದಾ? ನಾವು ಇಟ್ಕೊಂಡು ಮತ್ತೆ ಬಿತ್ತಬಹುದಾ?

2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಪ್ರಕಾರ ರೈತ ಬೀಜ ಉಳಿಸಿಕೊಳ್ಳಬಹುದು, ಬಿತ್ತಬಹುದು, ಹಂಚಬಹುದು, ಮಾರಬಹುದು. ಬ್ರ್ಯಾಂಡ್ ಹೆಸರು ಹಾಕಿ ಮಾರುವಂತಿಲ್ಲ ಅಷ್ಟೇ. ಕ್ರಿಸ್ಪರ್ ಹತಾರದ ಮೇಲಿನ ಪೇಟೆಂಟು ಬೇರೆ ವಿಷಯ, ಅದು ವಿದೇಶದ ಸಂಸ್ಥೆಗಳ ಕೈಯಲ್ಲಿದೆ. ತಳಿ ಮಾಡಿದವರು ಆ ಲೆಕ್ಕ ಹೇಗೆ ಚುಕ್ತಾ ಮಾಡಿದ್ದಾರೆ ಎಂದು ಕೇಳುವ ಹಕ್ಕು ನಮಗಿದೆ.

## ಬಿಸಿಲು ಮತ್ತು ಮಾಡು

ಕೈಗಾ ಪಕ್ಕದಲ್ಲೇ ಇದೆ. ನಮಗೆ ಸೋಲಾರ್ ಯಾಕೆ?

ಕೈಗಾದ ಅಣು ವಿದ್ಯುತ್ ಸ್ಥಾವರದಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಒಂದನೇ ಘಟಕ 2018ರ ಡಿಸೆಂಬರ್ ಕೊನೆಗೆ 962 ದಿನ ಒಂದೇ ಸಮನೆ ಓಡಿ ಜಗತ್ತಿನ ದಾಖಲೆ ಮಾಡಿತು. ಆದರೆ ಆ ಕರೆಂಟು ಗ್ರಿಡ್ಡಿಗೆ ಸೇರಿ ಎಲ್ಲೆಲ್ಲಿಗೋ ಹೋಗುತ್ತದೆ. ಆಷಾಢದ ಗಾಳಿಗೆ ನಿಮ್ಮೂರ ತಂತಿ ಮೇಲೆ ಮರ ಬಿದ್ದರೆ ಕೈಗಾ ಓಡುತ್ತಿದ್ದರೂ ನಿಮ್ಮ ಮನೆ ಕತ್ತಲೆ.

ಹಾಗಾದ್ರೆ ಕರೆಂಟು ಹೋದಾಗ ನಮ್ಮ ಸೋಲಾರೂ ಯಾಕೆ ಬಂದ್ ಆಗ್ತದೆ? ಮೋಸ ಅಲ್ವಾ?

ಮೋಸವಲ್ಲ. ಸಬ್ಸಿಡಿಯಲ್ಲಿ ಹಾಕಿಸುವ ಮಾಡಿನ ಸೋಲಾರ್ ಬಹುತೇಕ ಗ್ರಿಡ್ಡಿಗೆ ಜೋಡಿಸಿದ್ದು. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ 78,000 ರೂಪಾಯಿ ಸಿಗುವುದು ಇಂಥದ್ದಕ್ಕೇ. ತಂತಿಯಲ್ಲಿ ಕರೆಂಟು ಹೋದ ಕೂಡಲೇ ಇನ್ವರ್ಟರು ತಾನಾಗಿ ನಿಲ್ಲಬೇಕು. ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮನ್ನಿಗೆ ನಿಮ್ಮ ಮನೆಯ ಕರೆಂಟು ಹೊಡೆಯುತ್ತದೆ. ಕತ್ತಲೆಯಲ್ಲೂ ದೀಪ ಬೇಕಿದ್ದರೆ ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರು ಬೇಕು. ಖರ್ಚು ಜಾಸ್ತಿ. ಹಾಕಿಸುವ ಮೊದಲೇ ಕೇಳಿ.

ಏಪ್ರಿಲ್-ಮೇಯ ಉರಿಬಿಸಿಲಿಗೆ ಕರೆಂಟು ಭರ್ತಿ ಬರಬೇಕಲ್ಲ? ಬರೋದಿಲ್ಲ ಯಾಕೆ?

ಪ್ಯಾನಲ್ಲಿಗೆ ಬೆಳಕು ಬೇಕು, ಬಿಸಿ ಬೇಡ. ಅದರ ಬೆನ್ನಿಗೆ ಬರೆದ ವಾಟ್ ಲೆಕ್ಕ ಕೋಶ 25 ಡಿಗ್ರಿ ಇದ್ದಾಗಿನದು. ಮೇ ತಿಂಗಳ ಮಧ್ಯಾಹ್ನ ತಗಡಿನ ಮಾಡಿನ ಮೇಲೆ ಅದು 60 ಡಿಗ್ರಿ ದಾಟುತ್ತದೆ. ಸಿಲಿಕಾನ್ ಪ್ರತಿ ಡಿಗ್ರಿಗೆ ಸುಮಾರು ಶೇ. 0.3ರಿಂದ 0.35 ಕಳೆದುಕೊಳ್ಳುತ್ತದೆ. ಲೆಕ್ಕ ಹಾಕಿ, ಹತ್ತು ಹನ್ನೆರಡು ಪರ್ಸೆಂಟು ಅಲ್ಲೇ ಹೋಯಿತು. ಪ್ಯಾನಲ್ ಮತ್ತು ಮಾಡಿನ ನಡುವೆ ಗಾಳಿಯಾಡಲು ಜಾಗ ಬಿಡಿ. ಮಳೆ ಬಿಟ್ಟ ಅಕ್ಟೋಬರಿನ ತೊಳೆದಿಟ್ಟ ಆಕಾಶದಲ್ಲಿ ಪ್ಯಾನಲ್ ಎಷ್ಟು ಚೆಂದ ದುಡಿಯುತ್ತದೆ ನೋಡಿ.

ಪೆರೋವ್‌ಸ್ಕೈಟ್ ಅಂತ ಏನೋ ಬರ್ತಾ ಇದೆಯಂತೆ. ಅದು ಬರೋವರೆಗೆ ಕಾಯ್ಬೇಕಾ?

ಕಾಯಬೇಡಿ. ಈಗ ಬೇಕಿದ್ದರೆ ಈಗ ಸಿಗುವ ಸಿಲಿಕಾನ್ ಹಾಕಿಸಿ. ಆದರೂ ಅದು ಏನೆಂದು ತಿಳಿದುಕೊಳ್ಳಬೇಕಾದದ್ದೇ.

ಪೆರೋವ್‌ಸ್ಕೈಟ್ 1839ರಲ್ಲಿ ರಷ್ಯದ ಯುರಾಲ್ ಬೆಟ್ಟದಲ್ಲಿ ಸಿಕ್ಕ ಒಂದು ಖನಿಜದ ಹೆಸರು. ಈಗ ಅದೇ ಕಟ್ಟಣೆಯ ಹರಳುಗಳಿಗೆಲ್ಲ ಆ ಹೆಸರು ಹೇಳುತ್ತಾರೆ. 2009ರಲ್ಲಿ ಜಪಾನಿನ ತ್ಸುತೋಮು ಮಿಯಾಸಾಕಾ ಅವರ ತಂಡ ಇಂಥ ಹರಳಿನಿಂದ ಸೋಲಾರ್ ಕೋಶ ಮಾಡಿತು. ಅದರ ದಕ್ಷತೆ ಶೇ. 3.8. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಈಗ ಲ್ಯಾಬಿನಲ್ಲಿ ಶೇ. 26 ದಾಟಿದೆ. ಸಿಲಿಕಾನನ್ನು 1,400 ಡಿಗ್ರಿಗಿಂತ ಜಾಸ್ತಿ ಬಿಸಿಯಲ್ಲಿ ಕರಗಿಸಬೇಕು. ಇದನ್ನೋ, ಶಾಯಿಯ ಹಾಗೆ ಕಲಸಿ ಗಾಜಿನ ಮೇಲೆ ಬಳಿದು, ದೋಸೆ ಕಾವಲಿಗಿಂತ ಕಡಿಮೆ ಬಿಸಿಯಲ್ಲಿ ಒಣಗಿಸಬಹುದು. ಪದರದ ದಪ್ಪ ತಲೆಕೂದಲಿನ ನೂರನೇ ಒಂದು ಪಾಲು.

ನಿಜವಾದ ಆಸೆ ಇರುವುದು ಎರಡನ್ನೂ ಸೇರಿಸುವುದರಲ್ಲಿ. ಒಂಟಿ ಸಿಲಿಕಾನಿಗೆ ಶೇ. 29.4ರ ಗಡಿ ಇದೆ, ಅದನ್ನು ಲೆಕ್ಕದಲ್ಲೂ ದಾಟಲಾಗದು. ಮೇಲೆ ಪೆರೋವ್‌ಸ್ಕೈಟ್ ಹಾಕಿದರೆ ನೀಲಿ, ಹಸಿರು ಬೆಳಕನ್ನು ಅದು ತಿನ್ನುತ್ತದೆ. ಕೆಂಪು ಮತ್ತು ಅದರಾಚೆಯದ್ದು ಕೆಳಗಿನ ಸಿಲಿಕಾನಿಗೆ. ಗಾಣಕ್ಕೆ ಎರಡನೇ ಸಲ ಕಬ್ಬು ಕೊಟ್ಟ ಹಾಗೆ. ಆಗಲೇ ಹೇಳಿದ ಶೇ. 34.85 ಬಂದದ್ದು ಹೀಗೆ. 2024ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಆಕ್ಸ್‌ಫರ್ಡ್ ಪಿವಿ ಕಂಪನಿ ಇಂಥ ಜೋಡಿ ಪ್ಯಾನಲ್ಲುಗಳನ್ನು ಮೊದಲ ಸಲ ಗಿರಾಕಿಗೆ ಕಳಿಸಿತು. ಅವುಗಳ ದಕ್ಷತೆ ಶೇ. 24.5.

ಅದು ನಮ್ಮ ಕಾರವಾರದ ಗಾಳಿಗೆ, ಮಳೆಗೆ ಬಾಳ್ತದಾ?

ಪ್ರಶ್ನೆ ಎಂದರೆ ಇದು. ಪೆರೋವ್‌ಸ್ಕೈಟ್‌ನ ದೊಡ್ಡ ಶತ್ರುವೇ ತೇವ. ಹೆಚ್ಚಾಗಿ ಬಳಸುವ ಒಂದು ಹರಳು ಕಪ್ಪಗಿರುತ್ತದೆ. ನೀರಿನ ಆವಿ ತಾಗಿದರೆ ಒಡೆದು ಹಳದಿ ಸೀಸದ ಅಯೋಡೈಡ್ ಉಳಿಯುತ್ತದೆ. ಹಳದಿಯಾದರೆ ಅದರ ಕತೆ ಮುಗಿಯಿತು. ಹಾಗಾಗಿ ಈಗಿನ ಸಂಶೋಧನೆ ಹರಳಿನ ಬಗ್ಗೆ ಮಾತ್ರವಲ್ಲ, ಅದನ್ನು ಗಾಜಿನ ನಡುವೆ ಹೇಗೆ ಸೀಲು ಮಾಡಬೇಕು ಎಂಬುದರ ಬಗ್ಗೆಯೂ.

ಪ್ಯಾನಲ್ಲುಗಳಿಗೆ ಒಂದು ಅಂತಾರಾಷ್ಟ್ರೀಯ ಪರೀಕ್ಷೆ ಇದೆ. 85 ಡಿಗ್ರಿ ಬಿಸಿ, ಶೇ. 85ರ ತೇವ, 1,000 ಗಂಟೆ. ಕೇಳಲು ಭಯಂಕರ. ಆದರೆ 1,000 ಗಂಟೆ ಎಂದರೆ 42 ದಿನವೂ ಇಲ್ಲ. ನಮ್ಮ ಮಳೆಗಾಲ ನಾಲ್ಕು ತಿಂಗಳು, ಅದೂ ಪ್ರತಿ ವರ್ಷ. ಬಿಸಿ ಜಾಸ್ತಿ ಕೊಟ್ಟು ಕಾಲವನ್ನು ಕುಗ್ಗಿಸುತ್ತಾರೆ, ನಿಜ. ಆದರೂ ಸಿಲಿಕಾನಿಗೆ ಸರಿಹೋದ ಆ ಲೆಕ್ಕ ಹೊಸ ಹರಳಿಗೂ ಸರಿಹೋಗುತ್ತದೆ ಎಂದು ನಾನಂತೂ ಬರೆದುಕೊಡುವುದಿಲ್ಲ. ಉಪ್ಪುಗಾಳಿಗೆ ಬೇರೆಯೇ ಪರೀಕ್ಷೆ ಇದೆ, ಐಇಸಿ 61701. ಕಡಲ ಹತ್ತಿರದವರು ಸಿಲಿಕಾನ್ ಕೊಳ್ಳುವಾಗಲೂ ಈ ಸಂಖ್ಯೆ ಕೇಳಿ.

ಇನ್ನು ನನ್ನದೇ ಪಾಡು. ಮನೆಗೆ ಸೋಲಾರ್ ಹಾಕಿಸಿದಾಗ ಪ್ಯಾನಲ್ಲಿನ ಬಗ್ಗೆ ಒಂದು ವಾರ ಓದಿದೆ. ಬೋಲ್ಟು ಯಾವುದೆಂದು ಕೇಳಲಿಲ್ಲ. ಹಾಕಿದವರು ಸಾದಾ ಕಬ್ಬಿಣದ್ದು ಹಾಕಿದ್ದರು. ಎರಡನೇ ಮಳೆಗಾಲ ಮುಗಿದಾಗ ಏಣಿ ಹತ್ತಿ ನೋಡಿದರೆ ಬೋಲ್ಟಿನ ತಲೆ ಹಪ್ಪಳದ ಹಾಗೆ ಎದ್ದು ಬರುತ್ತಿತ್ತು. ವೈರು ಸೇರುವ ಡಬ್ಬಿ ಬಿಚ್ಚಿದೆ. ತಾಮ್ರದ ಮೇಲೆ ಹಸಿರು ಪುಡಿ, ಒಳಗೊಂದು ಇರುವೆ ಗೂಡು. ಪ್ಯಾನಲ್ ಮಾತ್ರ ಹೊಸದರ ಹಾಗಿತ್ತು! ಸ್ಟೀಲಿನ ಬೋಲ್ಟಿಗೆ ಆಗ ಕೆಲವೇ ನೂರು ರೂಪಾಯಿ ಜಾಸ್ತಿ ಆಗುತ್ತಿತ್ತು.

ಪೆರೋವ್‌ಸ್ಕೈಟ್ ಪ್ಯಾನಲ್ಲಲ್ಲಿ ಸೀಸ ಇದೆಯಂತೆ. ಬಾವಿ ನೀರಿಗೆ ಸೇರಿದ್ರೆ?

ಚದರ ಮೀಟರಿಗೆ ಒಂದು ಗ್ರಾಮಿಗಿಂತ ಕಡಿಮೆ. ನಿಮ್ಮ ಹಳೆಯ ಇನ್ವರ್ಟರ್ ಬ್ಯಾಟರಿಯಲ್ಲಿ ಕಿಲೋಗಟ್ಟಲೆ ಸೀಸವಿದೆ, ಅದಕ್ಕೆ ಯಾರೂ ಹೆದರುವುದಿಲ್ಲ. ಆದರೆ ಈ ಸೀಸ ನೀರಿನಲ್ಲಿ ಸುಲಭವಾಗಿ ಕರಗುವ ರೂಪದಲ್ಲಿದೆ. ಮಾಡಿನ ನೀರನ್ನು ಕುಡಿಯಲು ಹಿಡಿಯುವ ಮನೆಯಲ್ಲಿ ಒಡೆದ ಪ್ಯಾನಲ್ಲನ್ನು ಕೂಡಲೇ ಇಳಿಸಬೇಕು. ಸೀಸದ ಬದಲು ತವರ ಹಾಕಿದ ಕೋಶಗಳ ಮೇಲೂ ಕೆಲಸ ನಡೆದಿದೆ, ಇನ್ನೂ ಹಿಂದುಳಿದಿವೆ.

## ಕಂಪ್ಯೂಟರಿನ ಪಾಲು

ಫೋನಿಗೆ ಎಲೆ ತೋರಿಸಿದ್ರೆ ರೋಗ ಹೇಳ್ತದೆ. ನಂಬಬಹುದಾ?

ಸಿದ್ದಾಪುರ ಕಡೆಯ ತೋಟದಲ್ಲಿ ಗೆಳೆಯರೊಬ್ಬರು ನನ್ನೆದುರೇ ಎಲೆಚುಕ್ಕೆ ಬಂದ ಅಡಕೆ ಸೋಗೆಯ ಫೋಟೋ ತೆಗೆದರು. ಫೋನು "ಪೊಟ್ಯಾಷ್ ಕೊರತೆ" ಎಂದಿತು. ಅದೇ ಸೋಗೆಯನ್ನು ನೆರಳಿಗೆ ತಂದು ಇನ್ನೊಂದು ತೆಗೆದರು. ಈಗ "ಆರೋಗ್ಯವಾಗಿದೆ". ಗೆಳೆಯರು ಫೋನನ್ನು ಜೇಬಿಗೆ ಹಾಕಿಕೊಂಡು ಕವಳ ಹಾಕಿದರು.

ಯಾಕೆ ಹೀಗೆ? 2016ರಲ್ಲಿ ಒಂದು ಪ್ರಸಿದ್ಧ ಅಧ್ಯಯನ ಬಂತು. 54,306 ಎಲೆ ಫೋಟೋಗಳಿಂದ ಕಲಿತ ಯಂತ್ರ ಶೇ. 99.35ರಷ್ಟು ಸರಿ ಹೇಳಿತು. ಆದರೆ ಆ ಫೋಟೋಗಳಲ್ಲಿ ಎಲೆಯನ್ನು ಕಿತ್ತು ಒಂದೇ ಬಣ್ಣದ ಹಾಳೆಯ ಮೇಲೆ ಇಟ್ಟಿದ್ದರು. ಬೇರೆ ಕಡೆ ತೆಗೆದ ಫೋಟೋ ಕೊಟ್ಟಾಗ ಶೇ. 31ರ ಆಸುಪಾಸಿಗೆ ಬಿತ್ತು. ಇದನ್ನು ಆ ಸಂಶೋಧಕರೇ ಮುಚ್ಚಿಡದೆ ಬರೆದಿದ್ದಾರೆ. ಅದರಲ್ಲಿದ್ದ 14 ಬೆಳೆಗಳಲ್ಲಿ ಸೇಬು, ದ್ರಾಕ್ಷಿ, ಟೊಮೆಟೊ ಇತ್ತು, ಅಡಕೆ ಇರಲಿಲ್ಲ. ಆಮೇಲೆ ಯಂತ್ರಗಳು ಸುಧಾರಿಸಿವೆ. ಆದರೂ ಕಂಡದ್ದನ್ನಷ್ಟೇ ಅವು ಗುರುತಿಸುತ್ತವೆ. ನಿಮ್ಮ ತೋಟ ಕಾಣದ ಯಂತ್ರಕ್ಕೆ ನಿಮ್ಮ ಸೋಗೆ ಹೇಗೆ ಗೊತ್ತಾಗಬೇಕು?

2024ರಲ್ಲಿ ಕಂಪ್ಯೂಟರ್‌ನವರಿಗೆ ಕೆಮಿಸ್ಟ್ರಿ ನೊಬೆಲ್ ಯಾಕೆ ಕೊಟ್ರು?

ಪ್ರೋಟೀನ್ ಎಂದರೆ 20 ಬಗೆಯ ಮಣಿ ಪೋಣಿಸಿದ ಸರ. ಸರ ಮಡಚಿ ಒಂದು ಆಕಾರಕ್ಕೆ ಬಂದರೆ ಮಾತ್ರ ಕೆಲಸ ಮಾಡುತ್ತದೆ. ಮಣಿಗಳ ಸಾಲು ಗೊತ್ತಿದ್ದರೂ ಆಕಾರ ಹೇಳಲು ಆಗುತ್ತಿರಲಿಲ್ಲ. ಲ್ಯಾಬಿನಲ್ಲಿ ಎಕ್ಸ್‌ರೇ ಹಿಡಿದು ದಶಕಗಳ ಕಾಲ ದುಡಿದು ಎರಡು ಲಕ್ಷದಷ್ಟು ಆಕಾರ ಕಂಡುಹಿಡಿದಿದ್ದರು. ಡೆಮಿಸ್ ಹಸ್ಸಾಬಿಸ್ ಮತ್ತು ಜಾನ್ ಜಂಪರ್ ಅವರ ಆಲ್ಫಾಫೋಲ್ಡ್ ಎಂಬ ಎಐ ಪ್ರೋಗ್ರಾಂ ಆ ಎರಡು ಲಕ್ಷದಿಂದ ಕಲಿತು, 2022ರ ಹೊತ್ತಿಗೆ 20 ಕೋಟಿ ಪ್ರೋಟೀನುಗಳ ಆಕಾರ ಊಹಿಸಿ ಪುಕ್ಕಟೆ ಕೊಟ್ಟಿತು. ಭತ್ತದ ಪ್ರೋಟೀನುಗಳೂ ಅದರಲ್ಲಿವೆ. ನೊಬೆಲ್‌ನ ಅರ್ಧ ಪಾಲು ಇವರಿಬ್ಬರಿಗೆ. ಇನ್ನರ್ಧ ಡೇವಿಡ್ ಬೇಕರ್ ಅವರಿಗೆ, ಅವರು ಪ್ರಕೃತಿಯಲ್ಲಿ ಇಲ್ಲದ ಪ್ರೋಟೀನುಗಳನ್ನೇ ಕಟ್ಟಿದವರು.

ಹಾಗಾದ್ರೆ ಹೊಸ ಸೋಲಾರ್ ಹರಳನ್ನೂ ಕಂಪ್ಯೂಟರೇ ಹುಡುಕಿಕೊಡಬಹುದಲ್ಲ?

ಹುಡುಕಿದ್ದೇವೆ ಎಂದು ಹೇಳಿಕೊಂಡದ್ದೂ ಆಗಿದೆ. 2023ರ ನವೆಂಬರಿನಲ್ಲಿ ಗೂಗಲ್ ಡೀಪ್‌ಮೈಂಡ್ 22 ಲಕ್ಷ ಹೊಸ ಹರಳುಗಳನ್ನು ಪ್ರಕಟಿಸಿತು. ಅದರಲ್ಲಿ 3.8 ಲಕ್ಷ ಬಹಳ ಸ್ಥಿರ ಎಂದಿತು. ಮರುವರ್ಷ ಹರಳು ಶಾಸ್ತ್ರದ ಹಿರಿಯರು ಆ ಪಟ್ಟಿ ನೋಡಿ ತಕರಾರು ತೆಗೆದರು. ಇದರಲ್ಲಿ ನಿಜಕ್ಕೂ ಹೊಸದು, ಉಪಯೋಗಕ್ಕೆ ಬರುವಂಥದ್ದು ಎಷ್ಟಿದೆ ತೋರಿಸಿ ಎಂದರು. ಪ್ರೋಟೀನಿಗೂ ಹರಳಿಗೂ ಒಂದು ವ್ಯತ್ಯಾಸವಿದೆ. ಪ್ರೋಟೀನಿನ ಸರವನ್ನು ಪ್ರಕೃತಿ ಆಗಲೇ ಮಾಡಿಟ್ಟಿದೆ, ಆಕಾರ ಹೇಳಿದರೆ ಸಾಕು. ಹರಳನ್ನು ನಾವೇ ಒಲೆಯ ಮೇಲಿಟ್ಟು ಬೇಯಿಸಬೇಕು. ಅಡುಗೆಯ ಹೆಸರು ಬರೆದಿಟ್ಟರೆ ಊಟ ಆಗುವುದಿಲ್ಲವಲ್ಲ.

ಈ ಎಐ ಕರೆಂಟು ತಿಂದು ತೇಗ್ತದಂತೆ. ಸೋಲಾರಿಂದ ಬಂದದ್ದೆಲ್ಲ ಅದಕ್ಕೇ ಹೋದ್ರೆ?

ಕರೆಂಟು ಜಾಸ್ತಿ ಹೋಗುವುದು ಲೆಕ್ಕಕ್ಕಿಂತ ಓಡಾಟಕ್ಕೆ. ಮಾಹಿತಿ ಒಂದು ಕಡೆ, ಲೆಕ್ಕ ಇನ್ನೊಂದು ಕಡೆ. ಅಂಗಡಿಯ ಸಾಮಾನು ಒಂದೊಂದೇ ತರಲು ಪೇಟೆಗೆ ಹೋಗಿಬಂದ ಹಾಗೆ. ಮಿದುಳಿನಲ್ಲಿ ಎರಡೂ ಒಂದೇ ಜಾಗದಲ್ಲಿ ನಡೆಯುತ್ತದೆ. 2024ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ ಅಣುಗಳ ಒಂದು ತೆಳು ಪದರದಲ್ಲಿ 16,500 ಬೇರೆ ಬೇರೆ ಸ್ಥಿತಿಗಳನ್ನು ಹಿಡಿದಿಟ್ಟು ಅಲ್ಲೇ ಲೆಕ್ಕವನ್ನೂ ಮಾಡಿ ತೋರಿಸಿತು. ಸಾದಾ ಚಿಪ್ಪಿನ ಒಂದು ಸ್ವಿಚ್ಚಿಗೆ ಎರಡೇ ಸ್ಥಿತಿ, ಸೊನ್ನೆ ಮತ್ತು ಒಂದು. ಇದು ನನಗೆ ಬಹಳ ಖುಷಿ ಕೊಟ್ಟ ಕೆಲಸ. ಲ್ಯಾಬಿನಿಂದ ಹೊರಗೆ ಬರಲಿ, ನೋಡೋಣ.

ಕ್ವಾಂಟಮ್ ಕಂಪ್ಯೂಟರ್ ಬಂದ್ರೆ ಸೊಸೈಟಿಯ ನಮ್ಮ ಠೇವಣಿ ಸೇಫಾ?

ನಾಳೆಗೇ ಏನೂ ಆಗುವುದಿಲ್ಲ. ಗೂಗಲ್ 2024ರ ಡಿಸೆಂಬರಿನಲ್ಲಿ ತೋರಿಸಿದ ವಿಲೋ ಚಿಪ್ಪಿನಲ್ಲಿ 105 ಕ್ಯೂಬಿಟ್, ಅಂದರೆ ಕ್ವಾಂಟಮ್ ಕಂಪ್ಯೂಟರಿನ ಮೂಲ ಘಟಕಗಳು, ಇದ್ದವು. ಕ್ಯೂಬಿಟ್ ಜಾಸ್ತಿ ಮಾಡಿದಷ್ಟೂ ತಪ್ಪು ಕಡಿಮೆಯಾಗುವಂತೆ ಜೋಡಿಸಬಹುದು ಎಂಬುದು ಅದರ ನಿಜವಾದ ಸಾಧನೆ. ಬ್ಯಾಂಕಿನ ಬೀಗ, ಅಂದರೆ ಲೆಕ್ಕ ಕಾಯುವ ಗೂಢಲಿಪಿ, ಒಡೆಯಲು ಇದರ ಸಾವಿರಾರು ಪಟ್ಟು ಬೇಕು. ಅಷ್ಟರೊಳಗೆ ಬೀಗವನ್ನೇ ಬದಲಾಯಿಸುವ ಕೆಲಸ ಶುರುವಾಗಿದೆ. 2024ರ ಆಗಸ್ಟಿನಲ್ಲಿ ಅಮೆರಿಕದ ಮಾನಕ ಸಂಸ್ಥೆ ಕ್ವಾಂಟಮ್‌ಗೂ ಜಗ್ಗದ ಮೂರು ಹೊಸ ಗೂಢಲಿಪಿ ಮಾನಕಗಳನ್ನು ಹೊರಡಿಸಿತು. ನೀವು ಮಾಡಬೇಕಾದದ್ದು ಫೋನಲ್ಲಿ ಓಟಿಪಿ ಯಾರಿಗೂ ಹೇಳದಿರುವುದು.

ಸರ್, ಕಗ್ಗದ ಜೀನೋಮ್ ಓದಿ ಎಐಗೆ ಕೊಟ್ರೆ ಉಪ್ಪು ತಡೆಯೋ ಜೀನ್ ಯಾವುದಂತ ಅದೇ ಹೇಳೋದಿಲ್ವಾ?

ಹೊನ್ನಾವರದ ಬಿಎಸ್‌ಸಿ ಹುಡುಗಿಯೊಬ್ಬಳು ಕೇಳಿದ್ದು. ಈ ಪುಟದ ಅತಿ ಒಳ್ಳೆಯ ಪ್ರಶ್ನೆ. ಓದುವುದು ಈಗ ಕಷ್ಟವಲ್ಲ. ಅಂತಾರಾಷ್ಟ್ರೀಯ ಯೋಜನೆಯೊಂದು 89 ದೇಶಗಳ 3,000ಕ್ಕೂ ಜಾಸ್ತಿ ಭತ್ತದ ತಳಿಗಳ ಡಿಎನ್‌ಎ ಓದಿ ಎಲ್ಲರಿಗೂ ಮುಕ್ತವಾಗಿ ಇಟ್ಟಿದೆ. ಆದರೆ ಯಂತ್ರಕ್ಕೆ ಅಕ್ಷರವಷ್ಟೇ ಸಾಲದು. ಈ ಅಕ್ಷರವಿದ್ದ ಗಿಡ ಇಷ್ಟು ಉಪ್ಪಿನಲ್ಲಿ, ಇಷ್ಟು ದಿನ ಮುಳುಗಿ, ಇಷ್ಟು ಕಾಳು ಕೊಟ್ಟಿತು ಎಂಬ ಜೋಡಿ ಲೆಕ್ಕ ಬೇಕು. ಗಜನಿಯಲ್ಲಿ ಉಪ್ಪು ಒಂದೇ ಸಮ ಇರುವುದಿಲ್ಲ. ಜೂನಿನ ಮೊದಲ ಮಳೆಗೆ ಇಳಿಯುತ್ತದೆ, ಮಳೆ ಕೈಕೊಟ್ಟರೆ ಏರುತ್ತದೆ, ಭರತಕ್ಕೆ ಒಂದು, ಇಳಿತಕ್ಕೆ ಇನ್ನೊಂದು. ಗೇಟಿನ ಹತ್ತಿರ ಒಂದು ಲೆಕ್ಕ, ಇನ್ನೂರು ಅಡಿ ಒಳಗೆ ಬೇರೆ. ಮೊಳಕೆಯಲ್ಲಿ ಉಪ್ಪು ತಡೆಯುವ ಜೀನ್ ಬೇರೆ, ಹೂ ಬಿಡುವಾಗ ತಡೆಯುವುದು ಬೇರೆ ಇರಬಹುದು. ಇದನ್ನೆಲ್ಲ ಯಾರಾದರೂ ಅಲ್ಲೇ ನಿಂತು ಅಳೆದು ಬರೆಯಬೇಕು.

ಇಷ್ಟು ಹೇಳಿದ್ದೇ ತಡ, ಅವಳು ಕಾಲೇಜಿನಿಂದ ಉಪ್ಪು ಅಳೆಯುವ ಮೀಟರು ಎರವಲು ತಂದಳು. ಈಗ ವಾರಕ್ಕೆರಡು ಸಲ ಗಜನಿಯ ಗೇಟಿನ ಹತ್ತಿರ ನೀರು ಅಳೆದು ನೋಟುಬುಕ್ಕಿನಲ್ಲಿ ಬರೆಯುತ್ತಾಳೆ. ಮೊನ್ನೆ ಫೋನು ಮಾಡಿದ್ದಳು. ಮೀಟರು ಸರಿಯಿದೆಯಂತೆ, ಒಂದು ಕಾಲಿನ ಚಪ್ಪಲಿ ಕೆಸರಲ್ಲೇ ಉಳಿಯಿತಂತೆ.